ಸ್ಕೂಟರಿನ ಬಲಮಗ್ಗುಲಿಗೆ

ನವೆಂಬರ್ 14, ಗುರುವಾರ, ಬೆಳಿಗ್ಗೆ 8:10. ಪೂರ್ವ ತೈವಾನಿನ ಬೆಟ್ಟದ ಮೇಲಿನ ಕಾಲಿಸಾನ್ ಠಾಣೆ. ಬೇಟೆಗಾರ ಲಾವುಂಗ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಇನ್‌ಸ್ಪೆಕ್ಟರ್ ಇಬುವಿನ ಮೇಜಿನ ಮುಂದೆ ನಿಂತ. ವಯಸ್ಸು ಅರವತ್ತೆಂಟು. ಕೂರಲು ಹೇಳಿದರೂ ಕೂರಲಿಲ್ಲ.

"ನನ್ನ ಕೋವಿ ಇಲ್ಲ, ಇಬು."

"ಇಲ್ಲ ಅಂದ್ರೆ?"

"ನಿನ್ನೆ ಸಂಜೆ ಎಣ್ಣೆ ಒರೆಸಿ ಪೆಟ್ಟಿಗೇಲಿಟ್ಟೆ. ಈಗ ನೋಡಿದ್ರೆ ಬೀಗ ಹಾಗೇ ಇದೆ, ಒಳಗೆ ಖಾಲಿ."

"ಕೀ ಎಲ್ಲಿತ್ತು ಮಾಮ?"

"ಒಲೆ ಮೇಲಿನ ಮೊಳೇಲಿ. ಮೂವತ್ತು ವರ್ಷದಿಂದ ಅಲ್ಲೇ ಇದೆ."

"ಅದು ಊರಿಗೆಲ್ಲ ಗೊತ್ತು."

"ಊರಿಗೆಲ್ಲ ಗೊತ್ತಿದ್ದಿದ್ದಕ್ಕೇ ಇಷ್ಟು ದಿನ ಯಾರೂ ಕದ್ದಿರ್ಲಿಲ್ಲ."

"ಗುಂಡು?"

"ಡಬ್ಬಿ ಮುಟ್ಟಿಲ್ಲ. ನೋಡು, ಶನಿವಾರ ಬೆಟ್ಟಕ್ಕೆ ಹೋಗೋದಿದೆ. ನಮ್ಮ ಹುಡುಗನ ಮದುವೆ ಊಟದ ಬೇಟೆ. ಹದಿನಾರು ಜನ. ನಾನೇ ಮುಂದೆ."

ಇಬು ಎಫ್‌ಐಆರ್ ಬರೆದಳು. ನೋಂದಾಯಿತ ಒಂಟಿ ನಳಿಗೆಯ ಬೇಟೆ ಕೋವಿ, ಉದ್ದ ನಾಲ್ಕು ಅಡಿ ಎರಡು ಇಂಚು. ಗುಂಡು ಬಿಟ್ಟು ಬರೀ ಕೋವಿ ಒಯ್ದ ಕಳ್ಳನನ್ನು ಅವಳು ತನ್ನ ಹದಿನೇಳು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

9:05ಕ್ಕೆ ಮನೆಯಲ್ಲಿ ಸ್ಥಳ ಪಂಚನಾಮೆ. ಬೀಗ ಒಡೆದಿಲ್ಲ. ಕೀ ಮೊಳೆಯಲ್ಲೇ ಇತ್ತು. ಲಾವುಂಗನ ಹೆಂಡತಿ ಅಬುಸ್ ಬೆಳಿಗ್ಗೆ ಐದೂವರೆಗೇ ಹೊಲಕ್ಕೆ ಹೋದವಳು ಇನ್ನೂ ಬಂದಿರಲಿಲ್ಲ.

ಪಕ್ಕದ ಮನೆಯ ಉಮಾಸ್ ಶುಂಠಿ ತೊಳೆಯುತ್ತಿದ್ದ. ಎರಡು ಮನೆಗಳಿಗೂ ಬೇಲಿಯ ಜಗಳ ಹಳೆಯದು.

"ನನ್ನನ್ನೇ ಕೇಳ್ತೀಯ ಅಂತ ಗೊತ್ತಿತ್ತು," ಎಂದ ಅವನು. "ಬೇಲಿ ಕಿತ್ತವನು ಕೋವಿ ಕದೀತಾನೆ ಅಂತಾನಾ?"

"ಬೆಳಿಗ್ಗೆ ಏನಾದ್ರೂ ಕಂಡ್ಯಾ ಅಂತ ಕೇಳಿದೆ ಅಷ್ಟೆ. ನಿನ್ನ ನಾಯಿ ಎಲ್ಲಿ?"

ಉಮಾಸ್ ಶುಂಠಿಯನ್ನು ನೀರಿಗೆ ಬಿಟ್ಟ. "ಸತ್ತೋಯ್ತು. ಭಾನುವಾರ. ಹಂದಿ ಸೀಳ್ತು."

"ಎಲ್ಲಿ?"

"ಬೆಟ್ಟದಲ್ಲಿ, ಮತ್ತೆಲ್ಲಿ."

ಅವನು ಅವಳ ಮುಖ ನೋಡಲಿಲ್ಲ. ಇಬು ಅದನ್ನು ಬರೆದುಕೊಳ್ಳಲಿಲ್ಲ, ಮರೆಯಲೂ ಇಲ್ಲ.

ಮೇಲಿನ ಕಾಲುದಾರಿ ಚಂಡಮಾರುತಕ್ಕೆ ಕುಸಿದಿತ್ತು. ಊರಿಂದ ಹೊರಗೆ ಉಳಿದದ್ದು ಒಂದೇ ರಸ್ತೆ, ಅದೂ ಠಾಣೆಯ ಮುಂದೆಯೇ. ಊರಿನವರು ಓಡಾಡುವುದೆಲ್ಲ ಸ್ಕೂಟರಿನಲ್ಲಿ. 11:30ಕ್ಕೆ ಇಬು ನಾಲ್ಕಡಿ ಎರಡಿಂಚಿನ ಒಂದು ಬಿದಿರು ಕಡಿಸಿ, ಕಾನ್‌ಸ್ಟೆಬಲ್ ಹೈಸುಲನ ಕೈಗೆ ಕೊಟ್ಟಳು. ಅವನು ಐವತ್ತರ ದಢೂತಿ ಆಳು.

"ಇದನ್ನ ಸ್ಕೂಟರಲ್ಲಿ ಒಯ್ದು ತೋರ್ಸು. ಯಾರಿಗೂ ಕಾಣಬಾರದು."

ಹೈಸುಲ್ ಬೆನ್ನಿಗೆ ಓರೆಯಾಗಿ ಕಟ್ಟಿಕೊಂಡ. ತುದಿ ಹೆಲ್ಮೆಟ್ಟಿಗಿಂತ ಮೇಲೆ ಬಂತು. ಸೀಟಿನ ಹಿಂದೆ ಅಡ್ಡ ಕಟ್ಟಿ ಹೊರಟಾಗ ಗೇಟಿನ ಕಂಬಕ್ಕೆ ಬಡಿದು, ಸ್ಕೂಟರ್ ಸುತ್ತಿ ನಿಂತಿತು.

"ಮೇಡಂ, ಕಳ್ಳನಿಗಿಂತ ಮೊದಲು ನಾನು ಆಸ್ಪತ್ರೆ ಸೇರ್ತೀನಿ."

"ಇನ್ನೊಂದು ಬಗೆ."

"ಇನ್ನೇನು, ಎಲ್ಲರೂ ಗಳ ಒಯ್ಯೋ ಹಾಗೆ." ಬಿದಿರಿನ ಬುಡವನ್ನು ಕಾಲಿಡುವ ಜಾಗದಲ್ಲಿ ಊರಿ, ಎರಡು ಮಂಡಿಗಳ ನಡುವೆ ಹಿಡಿದು, ತುದಿಯನ್ನು ಭುಜಕ್ಕೆ ಒರಗಿಸಿಕೊಂಡ. "ನಾಲ್ಕು ಗಳದ ನಡುವೆ ಸೇರಿಸಿ ಸುತ್ತಿದ್ರೆ ಯಾರಿಗೂ ಗೊತ್ತಾಗಲ್ಲ."

ಒಂದು ಗಂಟೆಗೆ ಠಾಣೆಯ ಕ್ಯಾಮೆರಾದ ದೃಶ್ಯ ನೋಡಲು ಕೂತರು. ಹಿಂದಿನ ಸಂಜೆಯಿಂದ ಉದ್ದದ ಹೊರೆ ಹೊತ್ತ ಸ್ಕೂಟರುಗಳು ನಾಲ್ಕು. ಮೂರರಲ್ಲಿ ಹೊರೆ ಮಂಡಿಗಳ ನಡುವೆಯೇ ಇತ್ತು. ನಾಲ್ಕನೆಯದು ಬೆಳಿಗ್ಗೆ 5:42ಕ್ಕೆ. ಅಬುಸ್. ಬಿದಿರು ಗಳಗಳ ಕಟ್ಟು ಸ್ಕೂಟರಿನ ಬಲಮಗ್ಗುಲಿಗೆ, ಸೀಟಿನ ಎತ್ತರದಲ್ಲಿ, ರಬ್ಬರ್ ಪಟ್ಟಿಗಳಿಂದ ಮಲಗಿಸಿ ಕಟ್ಟಿತ್ತು.

ದೃಶ್ಯದಲ್ಲಿ ಹೈಸುಲನೂ ಇದ್ದ, ಗೇಟಿನಲ್ಲಿ ಹಲ್ಲುಜ್ಜುತ್ತಾ.

"ನೀನು ಏನೋ ಕೂಗ್ತಿದ್ದೀಯ."

ಹೈಸುಲ್ ಕುತ್ತಿಗೆ ಕೆರೆದುಕೊಂಡ. "ತೊಗರಿಗೂ ಗಳ ನೆಡ್ತೀಯಾ ಅತ್ತೆ, ಅಂತ ತಮಾಷೆ ಮಾಡ್ದೆ. ಅವಳ ಹೊಲದಲ್ಲಿ ತೊಗರಿ ಬಿಟ್ರೆ ಏನಿಲ್ಲ."

"ತಮಾಷೆ ಮಾಡಿ ಬಾಯಿ ಮುಕ್ಕಳಿಸೋಕೆ ಹೋದ್ಯಾ?"

ದೃಶ್ಯದಲ್ಲಿ, ಗೇಟಿನ ಮುಂದೆ, ಕಟ್ಟು ಸ್ವಲ್ಪ ಜಾರಿತ್ತು. ಅಬುಸ್ ಎಡಕ್ಕೆ ಇಳಿದಳು. ಸೀಟಿನ ಮೇಲಿಂದ ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ಸ್ಕೂಟರಿನ ಮುಂದಿನಿಂದ ಸುತ್ತಿ ಬಂದು, ಗವಸು ಹಾಕಿಕೊಂಡು, ತನ್ನ ಬಟ್ಟೆಯ ಅಂಚು ಕಟ್ಟಿಗೆ ತಾಗದಂತೆ ಹಿಂದೆ ಸರಿಸಿ, ಪಟ್ಟಿ ಬಿಗಿದಳು. ಮತ್ತೆ ಸುತ್ತಿ ಹೋಗಿ ಎಡದಿಂದಲೇ ಹತ್ತಿದಳು.

ಇಬು ಆ ತುಣುಕನ್ನು ಮೂರು ಸಲ ನೋಡಿದಳು. ಏಳು ವರ್ಷದವಳಿದ್ದಾಗ ಅವಳು ಅಂಗಳದಲ್ಲಿ ಮಲಗಿಸಿದ್ದ ಅಪ್ಪನ ಕೋವಿಯನ್ನು ಹಾರಿ ದಾಟಿದ್ದಳು. ಹೆಣ್ಣು ಮುಟ್ಟಿದ, ದಾಟಿದ ಕೋವಿಗೆ ಬೇಟೆ ಸಿಗುವುದಿಲ್ಲ ಎಂಬುದು ಊರಿನ ನಂಬಿಕೆ. ಅಪ್ಪ ಬೈಯಲಿಲ್ಲ. ಒಂದು ತಿಂಗಳು ಬೆಟ್ಟಕ್ಕೆ ಹೋಗದೆ ಮನೆಯಲ್ಲೇ ಕೂತಿದ್ದ. ಆ ತಿಂಗಳು ಅವಳಿಗೆ ಇವತ್ತಿಗೂ ನೆನಪಿತ್ತು.

"ಬರೀ ಗಳಕ್ಕೆ ಯಾರೂ ಇಷ್ಟು ಮರ್ಯಾದೆ ಕೊಡಲ್ಲ, ಹೈಸುಲ್," ಎಂದಳು. "ಜೀಪು ತೆಗಿ."

2:50ಕ್ಕೆ ಹೊಲ ತಲುಪಿದರು. ಅಬುಸ್ ಗುಡಿಸಲ ಮೆಟ್ಟಿಲ ಮೇಲೆ ತೊಗರಿಕಾಯಿ ಬಿಡಿಸುತ್ತಿದ್ದಳು. ಜೀಪು ಕಂಡು ಬುಟ್ಟಿ ಪಕ್ಕಕ್ಕಿಟ್ಟಳು.

"ಮೇಲೆ, ತೊಲೇಲಿ," ಎಂದಳು, ಕೇಳುವ ಮೊದಲೇ.

ಪಕ್ಕದ ಹೊಲದ ಇಬ್ಬರನ್ನು ಪಂಚರಾಗಿ ಕರೆದು ಜಪ್ತಿ ಪಂಚನಾಮೆ ಮಾಡಿದರು. ಹೊಸ ಹೊದಿಕೆಯಲ್ಲಿ ಸುತ್ತಿದ ಕೋವಿ. ನಳಿಗೆಯ ಬಾಯಿ ಕೆಳಗೆ. ತೇವ ತಾಗದಂತೆ ಬುಡಕ್ಕೆ ಪ್ಲಾಸ್ಟಿಕ್. ಹೈಸುಲ್ ಇಳಿಸಿದ. ಇಬು ಕೈ ಹಾಕಲಿಲ್ಲ. ಸಂಖ್ಯೆಯನ್ನು ಅವನೇ ಓದಿದ, ಅವಳು ಬರೆದುಕೊಂಡಳು.

ಠಾಣೆಯಲ್ಲಿ ಅಬುಸ್ ಚಹಾ ಮುಟ್ಟಲಿಲ್ಲ.

"ಯಾಕೆ ಅತ್ತೆ?"

"ಉಮಾಸನ ನಾಯೀನ ಹಂದಿ ಸೀಳಿಲ್ಲ. ಇವ್ರು ಕಾಡುಕುರಿ ಅಂದ್ಕೊಂಡು ಹೊಡೆದ್ರು. ನಾಯಿ ಹಿಂದೆ ನಾಲ್ಕೇ ಹೆಜ್ಜೆಗೆ ಉಮಾಸ ಇದ್ದ. ಯಾರಿಗೂ ಹೇಳ್ಬೇಡ ಅಂತ ನಾನೇ ಉಮಾಸನ ಕಾಲಿಗೆ ಬಿದ್ದೆ. ಶನಿವಾರ ಹದಿನಾರು ಜನ ಹೋಗ್ತಾರಂತೆ."

"ಮಾಮನಿಗೇ ಹೇಳಬಹುದಿತ್ತು."

"ಏನಂತ? ನಿಂಗೆ ಕಣ್ಣು ಕಾಣಲ್ಲ ಅಂತಾನಾ? ನಲವತ್ತು ವರ್ಷ ಬೇಟೆಯಿಂದ್ಲೇ ಮನೆ ನಡೆಸಿದ ಮನುಷ್ಯನಿಗೆ?"

"ಹಾರಿಸಲೇಬಾರದು ಅನ್ನೋ ಕೋವೀನ ಇಷ್ಟು ಜೋಪಾನವಾಗಿ ಒಯ್ದಿದ್ದೀರಿ."

"ಹೇಗೆ ಒಯ್ಯೋದು ಅಂತ ಮೂರು ದಿನ ಯೋಚಿಸ್ದೆ. ಬೆನ್ನಿಗೆ ಹಾಕಿದ್ರೆ ಮೈಗೆ ತಾಗುತ್ತೆ. ಕಾಲ ನಡುವೆ ಇಟ್ರೆ ದಾಟಿದ ಹಾಗೇ ಆಯ್ತು. ಕೋವಿ ಏನು ತಪ್ಪು ಮಾಡಿದೆ ಪಾಪ?"

ಇಬು ಪೆನ್ನು ಕೆಳಗಿಟ್ಟಳು. "ನೋಡಿ ಅತ್ತೆ. ಕಣ್ಣಿನ ವಿಷಯ ನಿಮ್ಮ ಹೇಳಿಕೇಲಿ ಬಂದ್ರೆ ಲೈಸೆನ್ಸು ರದ್ದು ಮಾಡೋಕೆ ಇವತ್ತೇ ಬರೀತೀನಿ. ನಿಮ್ಮ ಮೇಲೆ ಕೇಸೂ ಹಗುರಾಗುತ್ತೆ."

"ಅದು ಕಾಗದದಲ್ಲಿ ಬರ್ಬಾರ್ದು."

"ಬರೀದೇ ಇದ್ರೆ ನಿಮ್ಮನ್ನ ಬಂಧಿಸಬೇಕಾಗುತ್ತೆ."

"ಕೇಸು ಎಷ್ಟು ದಿನ ನಡೆಯುತ್ತೆ?"

"ಒಂದು ವರ್ಷ ಅಂತೂ ಆಗುತ್ತೆ."

"ಅಲ್ಲೀತನಕ ಕೋವಿ?"

"ಸಾಕ್ಷ್ಯ. ನಮ್ಮ ಕಪಾಟಲ್ಲೇ ಇರುತ್ತೆ. ಮಾಮ ದೂರು ವಾಪಸ್ ತಗೊಂಡ್ರೆ ಮಾತ್ರ ಬೇಗ ಸಿಗಬಹುದು."

ಅಬುಸ್ ಅಂಗೈಗೆ ಅಂಟಿದ್ದ ತೊಗರಿ ಸಿಪ್ಪೆ ಉಜ್ಜಿ ತೆಗೆದಳು. "ಕಳ್ಳಿ ಅಂತ ಬರ್ಕೋ."

4:35ಕ್ಕೆ ಬಂಧನ ದಾಖಲಾಯಿತು. ಉದ್ದೇಶ ಎಂಬ ಕಡೆ ಇಬು 'ಆರೋಪಿ ತಿಳಿಸಲಿಲ್ಲ' ಎಂದು ಬರೆದಳು. ಆ ಸುಳ್ಳಿನ ಮೇಲೆ ಠಾಣೆಯ ಮೊಹರು ಒತ್ತಿದಳು. ಮಾರ್ಚಿನಲ್ಲಿ ಬರಬೇಕಿದ್ದ ಎಲ್ಲ ಪರವಾನಗಿದಾರರ ಕಣ್ಣಿನ ತಪಾಸಣೆಯನ್ನು ಈ ತಿಂಗಳಿಗೇ ತರುವಂತೆ ಮೇಲಿನವರಿಗೆ ಬೇರೊಂದು ಪತ್ರವನ್ನೂ ಬರೆದಿಟ್ಟಳು.

ಐದೂವರೆಗೆ ಲಾವುಂಗ್ ಬಂದ. ಹೈಸುಲ್ ಕಾರಣ ಬಿಟ್ಟು ಎಲ್ಲವನ್ನೂ ಹೇಳಿದ. ಲಾವುಂಗ್ ಹೆಂಡತಿ ಕೂತಿದ್ದ ಬೆಂಚಿನ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

"ದೂರು ವಾಪಸ್ ತಗೋತೀರಾ ಮಾಮ?" ಇಬು ಕೇಳಿದಳು. ಅವಳ ಕೈ ವಾಪಸಾತಿ ಅರ್ಜಿಯ ಮೇಲಿತ್ತು. "ತಗೊಂಡ್ರೆ ಶನಿವಾರದೊಳಗೆ ಕೋವಿ ಕೊಡಿಸೋಕೆ ನೋಡ್ತೀನಿ."

ಲಾವುಂಗ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನಾಯಿ ಕಂದು ಬಣ್ಣದ್ದು, ಕಾಡುಕುರಿ ಹಾಗೇ," ಎಂದ, ಯಾರಿಗೂ ಅಲ್ಲದಂತೆ. ಆಮೇಲೆ, "ದೂರು ಹಾಗೇ ಇರ್ಲಿ. ಶನಿವಾರ ಉಮಾಸ ಮುಂದೆ ಹೋಗ್ತಾನೆ."

"ಅತ್ತೇನ ಈಗಲೇ ಕರ್ಕೊಂಡು ಹೋಗಬಹುದು. ಯಾರಾದ್ರೂ ಜಾಮೀನು ನಿಲ್ಲಬೇಕು."

"ನಾನೇ ನಿಲ್ತೀನಿ."

"ದೂರು ಕೊಟ್ಟವರೇ ಜಾಮೀನಾ?" ಎಂದ ಹೈಸುಲ್. ಇಬು ಅವನತ್ತ ನೋಡಿದಳು. ಅವನು ಬಾಯಿ ಮುಚ್ಚಿಕೊಂಡು ಕಾಗದ ತಂದಿಟ್ಟ.

ಲಾವುಂಗ್ ಪೆನ್ನು ಹಿಡಿದು ಕಾಗದದ ಮೇಲೆ ಬಾಗಿದ. ಪೆನ್ನಿನ ತುದಿ ಗೆರೆಗಿಂತ ಎರಡು ಬೆರಳು ಮೇಲೆ ನಿಂತಿತು. ಅಬುಸ್ ಬೆಂಚಿನಿಂದ ಎದ್ದು ಬಂದು, ಏನೂ ಹೇಳದೆ, ಗೆರೆಯ ಕೆಳಗೆ ತನ್ನ ಬೆರಳಿಟ್ಟಳು. ಅವನು ಅಲ್ಲಿ ಸಹಿ ಮಾಡಿದ.