ಕಾರ್ಮಿಕ ಸಚಿವರಿಗೊಂದು ಪ್ರಶ್ನೆ

"ಹೊರದೇಶದ ಕೃಷಿ ಕೂಲಿಕಾರರು ವರ್ಷಕ್ಕೆ ಇಂತಿಷ್ಟೇ ಜನ ಬರಬೇಕು. ಬಂದವರು ಹೆಂಡತಿ ಮಕ್ಕಳನ್ನು ಕರೆತರಬಾರದು. ಇದು ಸರಕಾರದ ಮಸೂದೆ," ಎಂದು ಸಮ್ಮೇದ ತಲೆ ಎತ್ತದೆ ಓದಿದ.

ಅಥಣಿಯ ನಮ್ಮ ಕಾಲೇಜಿನಲ್ಲಿ ಅಂದು ಯುವ ಸಂಸತ್ ಸ್ಪರ್ಧೆ. ಹೆಸರಿಲ್ಲದ ಯಾವುದೋ ದೇಶಕ್ಕೆ ಅವನು ಕಾರ್ಮಿಕ ಸಚಿವ, ನಾನು ವಿರೋಧ ಪಕ್ಷದ ನಾಯಕಿ. ತನ್ನ ಅಣ್ಣನ ಜುಬ್ಬಾದೊಳಗೆ ಸಚಿವರು ಮುಳುಗಿಹೋಗಿದ್ದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಆದರೆ ಸಮ್ಮೇದನಿಗೆ ನಿಜವಾಗಿಯೂ ಇಟಲಿಯ ದ್ರಾಕ್ಷಿ ತೋಟದಲ್ಲಿ ಸೀಜನ್ ಕೆಲಸ ಸಿಕ್ಕಿತ್ತು. ಮದುವೆಯಾದರೂ ಆ ವೀಸಾದಲ್ಲಿ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ವೀಸಾ ಬಂದಾಗಿನಿಂದ, ಎರಡು ವರ್ಷ ನನ್ನ ಹಿಂದೆ ಸುತ್ತಿದ ಈ ಮಹಾಶಯ ನನ್ನ ಫೋನ್ ಎತ್ತಿರಲಿಲ್ಲ. ಮರುದಿನ ನಿಪ್ಪಾಣಿಯಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಅದೂ ಅವನಿಗೆ ಗೊತ್ತಿತ್ತು.

ಎದ್ದು ನಿಂತೆ.

"ಸಚಿವರಿಗೊಂದು ಪ್ರಶ್ನೆರಿ. ದುಡಿಯಾಂವ ಬೇಕು, ಅವನ ಹೆಂಡತಿ ಬ್ಯಾಡ ಅಂತೀರಿ. ಆಕಿ ಏನ್ ಮಾಡಬೇಕ್ರಿ?"

"ಕಾಯಬೇಕಾಗತೈತ್ರಿ."

"ಎಲ್ಲೀತನಾ?"

ಅವನು ಕಾಗದ ತಿರುವಿದ. "ಕಾಯಾಕ ಆಗದಿದ್ರ... ಆಕಿ ಬ್ಯಾರೆ ಕಡೆ ಸುಖವಾಗಿರೂದು ಚಲೋ ಅಂತ ಸರಕಾರದ ವಿಚಾರ."

ನನಗೆ ಮೈಯೆಲ್ಲ ಉರಿಯಿತು.

"ಆಕಿನ್ನ ಒಂದ್ ಮಾತು ಕೇಳೇರೇನ್ರಿ? ಇಲ್ಲಾ ಸರಕಾರ ತಾನ ಅಂಜಿ ಓಡಾಕತ್ತೈತೋ?"

ಸಭೆ ಗೊಳ್ಳೆಂದಿತು. ಸಭಾಧ್ಯಕ್ಷೆ ಗಂಗಾ ಗಂಟೆ ಬಾರಿಸಿದಳು. "ವಿಷಯಕ್ಕ ಬರ್ರಿ, ತ್ರಿಶಲಾ."

"ವಿಷಯದಾಗ ಅದೀನ್ರಿ."

ಆಗ ಅವನು ನನ್ನತ್ತ ನೋಡಿದ. ಕಳ್ಳ ಸಿಕ್ಕಿಬಿದ್ದಂತೆ ಕಿವಿ ಕೆಂಪಾಗಿತ್ತು. ಕಣ್ಣು ರಾತ್ರಿಯೆಲ್ಲ ನಿದ್ದೆಗೆಟ್ಟಂತಿತ್ತು. ಅಷ್ಟು ಸಿಟ್ಟಿನಲ್ಲೂ ಅಯ್ಯೋ ಎನಿಸಿತು ನೋಡಿ, ಅದೇ ನನ್ನ ಹಣೆಬರಹ.

ಮತಕ್ಕೆ ಹಾಕಿದರು. ಪರ ಇದ್ದವರು "ಹೌದು" ಎಂದು ಕೂಗುವಾಗ ಮಸೂದೆ ತಂದ ಸಚಿವರ ತುಟಿಯೇ ಬಿಚ್ಚಲಿಲ್ಲ. ವಿರೋಧ ಇದ್ದವರ ಸರದಿ ಬಂತು.

"ಇಲ್ಲ!" ಎಂದ ಸಮ್ಮೇದ, ನಮ್ಮ ಪಕ್ಷದ ಎಲ್ಲರಿಗಿಂತ ಜೋರಾಗಿ.

ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ಅವನ ಪಕ್ಷದವರು ಹಲ್ಲು ಕಡಿದರು.

ಹೊರಗೆ ಬೇವಿನ ಗಿಡದ ಕೆಳಗೆ ಅವನನ್ನು ತಡೆದು ನಿಲ್ಲಿಸಿದೆ.

"ನೀ ಇಲ್ಲಿ 'ಇಲ್ಲ' ಅಂತ ಕೂಗಿದ್ರ ಇಟಲಿ ಕಾಯ್ದೆ ಬದಲಾಗತೈತೇನ?"

"ಆಗೂದಿಲ್ಲ. ಎಂಟು ತಿಂಗಳು ನಾ ಹೋಗಾಕಬೇಕು. ಲಗ್ನ ಆಗಿ ನಿನ್ನ ಇಲ್ಲೇ ಬಿಟ್ಟು ಹೋಗೂದು ಪಾಪ ಅನಸ್ತು. ಅದಕ್ಕ ಸುಮ್ಮನಾದೆ."

"ನನ್ನ ಕೇಳದನ?"

"ತಪ್ಪಾತು. ಇವತ್ತ ನಿಮ್ಮ ಮನೀಗೆ ಬರ್ತೀನಿ," ಎಂದ.

ದೂರ ಹೊರಟವರು ಮನೆಮನೆಗೆ ಹೋಗಿ ಹೇಳಿ ಬರುವುದು ನಮ್ಮ ಕಡೆಯ ಪದ್ಧತಿ.

"ಹೇಳಿ ಹೋಗಾಕ ಬರ್ತಿಯೋ, ಕೇಳಾಕ ಬರ್ತಿಯೋ?"

"ಕೇಳಾಕ," ಎಂದ. "ನಿಮ್ಮ ಅಪ್ಪಾಜಿನ್ನ ಆಮ್ಯಾಲ. ಮೊದಲು ನಿನ್ನ. ಇಟಲಿಯಿಂದ ನಾ ಬರೂತನಾ ಕಾಯ್ತಿಯೇನ?"

ನನಗೆ ಭಯವಿತ್ತು. ಅಪ್ಪ ಏನೆನ್ನುವರೋ, ಇಟಲಿಯಲ್ಲಿ ಕಾಯ್ದೆ ಯಾವಾಗ ಬದಲಾಗುವುದೋ, ಯಾವುದೂ ನನ್ನ ಕೈಯಲ್ಲಿರಲಿಲ್ಲ.

"ಹೊತ್ತು ಮುಳುಗೂದ್ರಾಗ ಬಾ," ಎಂದೆ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. "ಅಪ್ಪನ ಸಂಗತೀಲೆ ಊಟಕ್ಕ ಕೂಡ್ರುವಂತಿ."