ಏಳನೇ ಕಂಪ್ಯೂಟರಿನ ಬೆನ್ನು

ಇದು ನಡೆದದ್ದು ಮಟಮಟ ಮಧ್ಯಾಹ್ನ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಏಳು ಕಂಪ್ಯೂಟರ್, ಒಂದೊಂದರಲ್ಲೂ ಒಂದೊಂದು ಕಾಲದ ಆಪರೇಟಿಂಗ್ ಸಿಸ್ಟಂ. ಮರುದಿನ ಪ್ರೋಗ್ರಾಮಿಂಗ್ ಪರೀಕ್ಷೆ; ಅದರ ಪ್ರೋಗ್ರಾಂ ಏಳರಲ್ಲೂ ಓಡಬೇಕಿತ್ತು. “ಏಳನ್ನೂ ನಾನೊಬ್ಬನೇ ಓಡಿಸ್ತೀನಿ ಸಾರ್” ಎಂದು ಪ್ರಿನ್ಸಿಪಾಲರೆದುರು ಮೀಸೆ ತಿರುವಿದ್ದೆ.

ಆರು ಓಡಿದವು. ತೀರಿಕೊಂಡ ಲ್ಯಾಬ್ ಮೇಷ್ಟ್ರ ಪದ್ಧತಿಯಂತೆ, ಬೆಳಿಗ್ಗೆಯೇ ಏಳರ ಹಳೆ ಗುರುತನ್ನೂ ಒರೆಸಿ, ಓಡಿದ್ದರ ಬೆನ್ನಿಗೆ ಸೀಮೆಸುಣ್ಣದಲ್ಲಿ ಹೊಸ ರೈಟ್ ಹಾಕಿದೆ. ಎಲ್ಲಕ್ಕಿಂತ ಹಳೆಯದಾದ ಏಳನೆಯದು ಮೂರು ಸಲ ಕೈಕೊಟ್ಟಿತು. ಬೇಸತ್ತು ಮೇಷ್ಟ್ರ ಗೊಗ್ಗರು ದನಿಯನ್ನೇ ಅನುಕರಿಸಿದೆ: “ಮೊಮ್ಮಕ್ಕಳೆಲ್ಲ ಓಡಿದ್ರು, ನೀನೂ ಏಳಪ್ಪಾ ತಾತ!”

ಫ್ಯಾನಿನ ಸದ್ದು ನಿಂತಿತು, ರೆಕ್ಕೆ ಮಾತ್ರ ತಿರುಗುತ್ತಲೇ ಇತ್ತು. ನನ್ನ ಕತ್ತು ತಣ್ಣಗಾಯಿತು. ಪ್ರೋಗ್ರಾಂ ಓಡಿತು!

ಎದೆಯುಬ್ಬಿಸಿ ಕಂಪ್ಯೂಟರನ್ನು ತಿರುಗಿಸಿದೆ. ಬೆಳಿಗ್ಗೆ ನಾನೇ ಒರೆಸಿದ್ದ ಬೆನ್ನ ಮೇಲೆ ರೈಟ್ ಇತ್ತು; ಮುಟ್ಟಿದರೆ ಬೆರಳಿಗೆ ಪುಡಿ ಹತ್ತಿತು.

ಏಳನ್ನೂ ಓಡಿಸಿದವನು ನಾನೇ ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಲ್ಯಾಬಿನಲ್ಲಿದ್ದ ಒಂದೇ ಸೀಮೆಸುಣ್ಣ ಆಗ ನನ್ನ ಜೇಬಿನಲ್ಲಿತ್ತು.