ದನಿ ದಾಟದ ಹೊಸ್ತಿಲು

"ಯಾರ ದನಿ ಕೇಳದೆ ಬದುಕೋಕಾಗಲ್ವೋ ಅಂಥೋರು ನಿಮಗಿದ್ರೆ, ಈ ಬೀದೀಲಿ ಮನೆ ಹಿಡೀಬೇಡಿ ಸ್ವಾಮಿ."

ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಬಟ್ಟೆ ಹರವಿಕೊಂಡಿದ್ದ ಇಸ್ತ್ರಿಯ ಹೆಂಗಸು ತಲೆಯೆತ್ತದೆ ಹೇಳಿದಳು. ಕೆಂಡ ತುಂಬಿದ ಪೆಟ್ಟಿಗೆ ನೀರು ಚಿಮುಕಿಸಿದ ಅಂಗಿಯ ಮೇಲೆ ಹಾಯ್ದು ಚುಸ್ಸೆಂದಿತು.

ಅವನಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಕಿವೀನೇ ನನ್ನ ಕಸುಬು. ಕೇಳದೋರಿಗೆ ಕೇಳಿಸೋದೇ ನನ್ನ ಹೊಟ್ಟೆಪಾಡು. ಹೋಗಿ ಹೋಗಿ ನನ್ನ ಹತ್ರಾನೇ ಈ ಕತೆ ಹೇಳ್ತೀರಲ್ಲ!"

"ನಗಿ ಸ್ವಾಮಿ. ನಕ್ಕೋರೆಲ್ಲ ಇಲ್ಲೇ ಮನೆ ಮಾಡಿದಾರೆ."

ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು ಅವನು ಮುಂದೆ ನಡೆದ.

ಕಡಲ ದಡದ ಆ ಮಹಾನಗರದ ದೊಡ್ಡ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಕೆಲಸ ಸಿಕ್ಕಿ ಅವನು ಒಂಟಿಯಾಗಿ ಮೊದಲೇ ಬಂದಿದ್ದ. ಹೆಂಡತಿ, ಒಂಬತ್ತು ವರ್ಷದ ಮಗಳು ಗುಬ್ಬಿ, ಶಾಲೆಯ ಪರೀಕ್ಷೆ ಮುಗಿದ ಮೇಲೆ ಬರುವವರು. ಅಷ್ಟರೊಳಗೆ ಸಂಸಾರಕ್ಕೆ ಒಪ್ಪುವ ಬಡಾವಣೆ ಹುಡುಕಿಡುವುದು ಅವನ ಪಾಲಿಗೆ ಬಂದಿತ್ತು. ಶಾಲೆ ನಡೆದು ಹೋಗುವಷ್ಟು ಹತ್ತಿರವಿರಬೇಕು, ಆಡಲು ಜಾಗ ಬೇಕು, ಲಾರಿ ಓಡಾಡಬಾರದು, ಅಕ್ಕಪಕ್ಕದವರು ಒಳ್ಳೆಯವರಿರಬೇಕು ಎಂದು ಹೆಂಡತಿ ಚೀಟಿ ಬರೆದುಕೊಟ್ಟಿದ್ದಳು. ಕೊನೆಯಲ್ಲಿ ಗುಬ್ಬಿ ತನ್ನ ಸೊಟ್ಟ ಅಕ್ಷರದಲ್ಲಿ "ಸಮುದ್ರ ಕಾಣ್ಬೇಕು" ಎಂದು ಸೇರಿಸಿದ್ದಳು.

ಮೂರು ಭಾನುವಾರ ಅಲೆದ. ಬಂದರಿನ ಕಡೆ ಹೋದರೆ ಹಗಲಿಡೀ ಕಂಟೇನರ್ ಲಾರಿಗಳ ಅಬ್ಬರ, ಕಿಟಕಿಯ ಗಾಜೆಲ್ಲ ಗಡಗಡ. ಎತ್ತರದ ಕಟ್ಟಡಗಳ ಕಡೆ ಮಕ್ಕಳ ಮೈದಾನದಲ್ಲಿ ಕಾರುಗಳು ಮಲಗಿದ್ದವು. ಕೊನೆಗೆ ದಲ್ಲಾಳಿ ಕರೆತಂದದ್ದು ಈ ಬೀದಿಗೆ. ಹದಿನೇಳು ಮನೆ, ನಡುವೆ ಉಯ್ಯಾಲೆಯ ತೋಟ, ತುದಿಯಲ್ಲಿ ನೀಲಿಗೆ ನೀಲಿ ಕಡಲು. ಮುಖ್ಯವಾಗಿ ಮೌನ. ದಿನವಿಡೀ ಸದ್ದು ಅಳೆಯುವವನಿಗೆ ಆ ಮೌನ ಹಬೆಯಾಡುವ ನೀರಿನ ಸ್ನಾನದಂತೆ ಹಿತವೆನಿಸಿತು.

ತೋಟದ ಬಾಗಿಲಲ್ಲಿ ಒಬ್ಬ ತಂದೆ ನಿಂತಿದ್ದ. ಉಯ್ಯಾಲೆಯಲ್ಲಿದ್ದ ಮಗಳನ್ನು ಕರೆಯಲೆಂದು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ತೋಟವನ್ನೆಲ್ಲ ದಾಟಿ ಹೋಗಿ ಅವಳ ಭುಜ ಮುಟ್ಟಿದ. ಎಂಥ ನಯವಾದ ಜನ ಎಂದುಕೊಂಡ ಇವನು.

"ಇಲ್ಲಿ ಗಲಾಟೆ ಅನ್ನೋದೇ ಇಲ್ಲ ಸಾರ್. ಒಂದು ಮನೇಲಾದ್ರೂ ಗಂಡ ಹೆಂಡ್ತಿ ಜಗಳ ಕೇಳಿದ್ರೆ ನನ್ನ ಕೇಳಿ," ಎಂದ ದಲ್ಲಾಳಿ. ಮನೆಯ ಬೀಗ ತೆಗೆದುಕೊಟ್ಟವನು ಮೆಟ್ಟಿಲ ಕೆಳಗೇ ನಿಂತ. "ನೀವು ಒಳಗೆ ಹೋಗಿ ನೋಡಿ ಸಾರ್. ನಂಗೆ ಮಂಡಿ ನೋವು, ಹತ್ತೋಕಾಗಲ್ಲ."

ಇದ್ದದ್ದು ಎರಡೇ ಮೆಟ್ಟಿಲು.

ಹೊಸ್ತಿಲು ದಾಟುವಾಗ ಮೂಗಿಗೆ ಏನೋ ಬಡಿಯಿತು. ಕೂದಲು ಸೀದ ವಾಸನೆ. ಕಿಟಕಿ ತೆರೆದರೆ ಹೋದೀತು ಎಂದುಕೊಂಡ.

ವಾಸನೆ ಹೋಗಲಿಲ್ಲ. ಆದರೆ ಮನೆ ಒಗ್ಗಿತು. ಸಂಜೆ ಬಂದು ಒಬ್ಬನೇ ಅಡುಗೆ ಮಾಡಿಕೊಂಡು, ಒಂದೇ ತಟ್ಟೆ ತೊಳೆದು, ಗುಬ್ಬಿಯ ಕೋಣೆ ಸಿದ್ಧಪಡಿಸುವುದರಲ್ಲಿ ಹೊತ್ತು ಕಳೆಯುತ್ತಿದ್ದ. ಮಂಚವನ್ನು ಕಡಲಿನ ಕಿಟಕಿಗೆ ಸರಿಸಿದ. ಗೋಡೆಗೆ ತಾನೇ ಹಳದಿ ಬಣ್ಣ ಬಳಿದ. ಪಕ್ಕದ ಮನೆಯ ಮುದುಕ ದಂಪತಿ ಜಗಲಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತಿದ್ದರು. ಮುದುಕಿಯ ಮಡಿಲಲ್ಲಿ ಯಾವಾಗಲೂ ಒಂದು ಸ್ಲೇಟು. ಬೀದಿಯಲ್ಲಿ ಎಲ್ಲರೂ ಅವನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ತಂತಮ್ಮ ಮನೆಯವರ ಜೊತೆ ಮಾತ್ರ ಆಡುತ್ತಿರಲಿಲ್ಲ.

ಐದನೆಯ ದಿನ ಫೋನಿನಲ್ಲಿ ಹೆಂಡತಿಯ ದನಿ ತೆಳ್ಳಗಾಯಿತು.

"ಸ್ವಲ್ಪ ಜೋರಾಗಿ ಮಾತಾಡು, ನೆಟ್‌ವರ್ಕ್ ಸರಿಯಿಲ್ಲ."

"ಇದಕ್ಕಿಂತ ಜೋರು ಅಂದ್ರೆ ಬೀದಿಗೆಲ್ಲ ಕೇಳುತ್ತೆ ಕಣ್ರೀ," ಎಂದು ಅವಳು ಎಲ್ಲೋ ಬಾವಿಯ ತಳದಿಂದ ನಕ್ಕಳು.

ಮರುದಿನ ಇನ್ನೂ ತೆಳ್ಳಗೆ. ಎಂಟನೆಯ ದಿನ ಗುಬ್ಬಿಯ "ಅಪ್ಪಾ" ಎಂಬುದು ಬಟ್ಟೆಯೊಳಗೆ ಸುತ್ತಿಟ್ಟಂತೆ ಕೇಳಿತು. ಹೊಸ ಫೋನ್ ಕೊಂಡ. ಹತ್ತನೆಯ ದಿನ ಆಸ್ಪತ್ರೆಯಲ್ಲಿದ್ದಾಗ ಹೆಂಡತಿಯ ಕರೆ ಬಂತು. ಎತ್ತಿದ. ಏನೂ ಇಲ್ಲ. ಹಲೋ ಹಲೋ ಎಂದು ಕೂಗಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಎದುರಿಗಿದ್ದ ನರ್ಸ್ ಹುಬ್ಬೇರಿಸಿದಳು.

"ಸಾರ್, ಮೇಡಂ ಅಷ್ಟು ಹೊತ್ತಿಂದ ಮಾತಾಡ್ತಿದಾರೆ. ಉತ್ತರ ಕೊಡಿ."

"ನಿಮಗೆ ಕೇಳಿಸ್ತಿದೆಯಾ?"

"ಗಂಟೆ ಹೊಡೆದ ಹಾಗೆ. ಅಳ್ತಿದಾರೆ ಸಾರ್."

ಸದ್ದು ನುಸುಳದ ಗಾಜಿನ ಕೋಣೆಯಲ್ಲಿ ಕೂತು ಅವನು ತನ್ನ ಕಿವಿಯನ್ನು ತಾನೇ ಪರೀಕ್ಷಿಸಿಕೊಂಡ. ಯಂತ್ರದ ಹಾಳೆಯಲ್ಲಿ ಗೆರೆ ನೆಟ್ಟಗೆ ಬಂತು. ಇಪ್ಪತ್ತರ ಹುಡುಗನ ಕಿವಿ. ಕೈಗಡಿಯಾರದ ಟಿಕ್‌ಟಿಕ್ ಕೇಳುತ್ತಿತ್ತು. ತನ್ನ ಎದೆಬಡಿತ ಕೇಳುತ್ತಿತ್ತು. ಜಗತ್ತಿನಲ್ಲಿ ಎರಡೇ ಎರಡು ದನಿ ಕೇಳುತ್ತಿರಲಿಲ್ಲ.

ಅಂದಿನಿಂದ ಫೋನ್ ಎತ್ತುವುದನ್ನೇ ಬಿಟ್ಟು ಮೆಸೇಜು ಬರೆಯತೊಡಗಿದ. ಕೆಲಸ ಜಾಸ್ತಿ, ಗಂಟಲು ಸರಿಯಿಲ್ಲ ಎಂದು ಏನೇನೋ ಪಿಳ್ಳೆನೆವ. ಅತ್ತಲಿಂದ ಒಂದು ಮಧ್ಯಾಹ್ನ ಉತ್ತರ ಬಂತು: "ನನ್ನ ದನಿಯೂ ಬೇಡವಾಯ್ತಾ ನಿಮಗೆ?" ಅದನ್ನು ಎಷ್ಟು ಸಲ ಓದಿದರೂ ಅದು ಅವಳ ದನಿಯಲ್ಲಿ ಕಿವಿಗೆ ಬರಲಿಲ್ಲ. ಅವಳ ದನಿ ಹೇಗಿತ್ತು ಎಂಬುದೇ ನೆನಪಿನಿಂದ ಜಾರುತ್ತಿತ್ತು.

ಖಾಲಿಯಾದ ಆ ಜಾಗಕ್ಕೆ ಬೇರೊಂದು ಬಂದು ಕೂತಿತು. ಹೊಸ್ತಿಲ ಕೆಳಗಿನಿಂದ ಒಂದು ಕೂಗು. ಮಾತಿಲ್ಲದ, ಮಗುವಿನ, ಉಸಿರು ಕಟ್ಟಿದ ಕೂಗು.

ಅವನು ಇಸ್ತ್ರಿಯ ಗಾಡಿಯ ಬಳಿಗೆ ಓಡಿದ. ಈ ಸಲ ನಗಲಿಲ್ಲ.

ಅವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ನೀವಿರೋ ಮನೇಲಿ ನಮ್ಮಕ್ಕ ಇದ್ಲು. ಅವಳ ಮಗೂಗೆ ಮಾತು ಬರ್ತಿರ್ಲಿಲ್ಲ. ಕೂಗೋದೊಂದೇ. ಹಗಲೆಲ್ಲ ಕೂಗ್ತಿತ್ತು. ಬೀದಿಯೋರೆಲ್ಲ ಸೇರ್ಕೊಂಡು ಬಂದ್ರು. ಇದು ಸಂಸಾರಸ್ಥರ ಬೀದಿ, ನಮಗೂ ಮಕ್ಕಳಿದಾವೆ, ಬಾಯಿ ಮುಚ್ಚಿಸು, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅಂದ್ರು. ಅಕ್ಕ ಹೊರಗೆ ಸದ್ದು ಹೋಗಬಾರದು ಅಂತ ಕಿಟಕಿ, ಬಾಗಿಲ ಸಂದಿಗೆಲ್ಲ ಹಾಸಿಗೆ, ಚಿಂದಿ ತುರುಕಿದ್ಲು. ಚಳಿಗೆ ಕೆಂಡದ ಬಾಣಲೆ ಮಗು ಹತ್ರ ಇಟ್ಟು ಸೊಪ್ಪು ತರೋಕೆ ಹೋದ್ಲು. ಬರೋಷ್ಟರಲ್ಲಿ..." ಅವಳು ಮೂಗು ಒರೆಸಿಕೊಂಡಳು. "ಮಾಟಗಾರನ ಹತ್ರ ಹೋದ್ಲು. ಮಗು ಕೂದಲು, ತಾಮ್ರದ ತಗಡು, ಬೂದಿ. ಹದಿನೇಳು ಹೊಸ್ತಿಲ ಕೆಳಗೂ ಹೂತ್ಲು. ಮೌನ ಬೇಕಿತ್ತಲ್ವಾ, ತಗೊಳ್ಳಿ ಮೌನ, ನಿಮ್ಮೋರ ದನಿ ನಿಮಗೆ ಕೇಳದೆ ಹೋಗಲಿ ಅಂದ್ಲು. ಆಮೇಲೆ ಅವಳನ್ನ ಯಾರೂ ಕಾಣ್ಲಿಲ್ಲ."

"ನೀವು ಆಗಲೇ ಇದನ್ನ..."

"ಆ ಬೂದಿ ನನ್ನ ಪೆಟ್ಟಿಗೇದು ಸ್ವಾಮಿ. ಯಾತಕ್ಕೆ ಅಂತ ಕೇಳ್ದೇನೇ ಕೊಟ್ಟೆ. ಅದಕ್ಕೇ ಇಲ್ಲಿ ನಿಂತು ಎಲ್ಲರಿಗೂ ಹೇಳ್ತೀನಿ. ಯಾರು ಕೇಳ್ತಾರೆ?"

"ತೆಗೆದು ಬಿಸಾಕಿದ್ರೆ?"

"ಹೋದದ್ದು ಬರಲ್ಲ. ತೆಗೀದೆ ಹೋದ್ರೆ ನೀವು ಎಲ್ಲಿಗೇ ಹೋದ್ರೂ ಬೆನ್ನು ಬಿಡಲ್ಲ, ಹೆಂಡ್ತಿ ಮಗೂಗೂ ಹತ್ತುತ್ತೆ. ತಾಯಿ ಕರೆದ್ರೆ ಮಗಳಿಗೆ ಕೇಳಲ್ಲ. ನಿಮ್ಮ ಕೈಯಾರೆ ಕಿತ್ತು ಉಪ್ಪುನೀರಿಗೆ ಹಾಕಬೇಕು. ಅಲ್ಲೀವರೆಗೆ ಅವರು ಹೊಸ್ತಿಲು ದಾಟಬಾರದು. ಒಂದು ಕಾಲೂ ಆಚೆ ಬೀಳಬಾರದು."

ಹೆಂಡತಿ, ಮಗಳು ಬರುವುದು ನಾಳೆ ಸಂಜೆ. ಹೊತ್ತಿದೆ ಎಂದುಕೊಂಡ. ಆದರೆ ಗಂಡನ ಮೌನಕ್ಕೆ ಹೆದರಿದ ಹೆಂಡತಿ ಹೇಳದೆ ಕೇಳದೆ ಒಂದು ದಿನ ಮೊದಲಿನ ರೈಲನ್ನೇ ಹತ್ತಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ.

ಅಂದೇ ಮಧ್ಯಾಹ್ನ ಮೂರಕ್ಕೆ ಕಡಲ ಕಡೆಯಿಂದ ಮೋಡ ಕವಿಯಿತು. ಹಗಲೇ ಕತ್ತಲಾಯಿತು. ಇಡೀ ಬೀದಿಯ ಕರೆಂಟು ಹೋಯಿತು. ಅವನು ಹೊರಗಿನ ಮೆಟ್ಟಿಲ ಮೇಲೆ ಮಂಡಿಯೂರಿ, ಬೀದಿಗೆ ಬೆನ್ನು ಹಾಕಿ, ಹಾರೆಯಿಂದ ಹೊಸ್ತಿಲ ಕಲ್ಲು ಮೀಟತೊಡಗಿದ. ಪಕ್ಕದ ಜಗಲಿಯಿಂದ ಮುದುಕ ಎದ್ದು ಬಂದು ನೋಡಿದ.

"ಯಾಕಪ್ಪಾ ಶ್ರಮ? ಅಭ್ಯಾಸ ಆಗುತ್ತೆ. ನಲವತ್ತು ವರ್ಷದ ಸಂಸಾರದಲ್ಲಿ ಹನ್ನೊಂದು ವರ್ಷದಿಂದ ನಮ್ಮಲ್ಲಿ ಜಗಳವೇ ಇಲ್ಲ." ಮುದುಕ ನಗಲು ನೋಡಿದ. ಹಿಂದೆ ಅವನ ಹೆಂಡತಿ ಏನೋ ಕೇಳುತ್ತಲೇ ಇದ್ದಳು. ಅವನು ತಿರುಗಲಿಲ್ಲ.

ಕಲ್ಲು ಅಲುಗಿತು. ಸೀದ ಕೂದಲ ವಾಸನೆ ಹೊಗೆಯಂತೆ ಮೇಲೆದ್ದಿತು. ಕೂಗು ಶುರುವಾಯಿತು. ಕಿವಿಯಲ್ಲಲ್ಲ, ಹಲ್ಲಿನ ಬುಡದಲ್ಲಿ. ಅವನು ಮಣ್ಣಿಗೆ ಕೈ ಹಾಕಿದ. ಬಿಸಿ. ಇಷ್ಟು ವರ್ಷದ ಬೂದಿ ಇನ್ನೂ ಬಿಸಿ. ಬೆರಳಿಗೆ ತಗಡಿನ ಅಂಚು ಸಿಕ್ಕಿತು. ಎಳೆದ. ಬರಲಿಲ್ಲ. ಕೆಳಗಿನಿಂದ ಯಾರೋ ಹಿಡಿದುಕೊಂಡಂತೆ. ಪುಟ್ಟ ಕೈ. ಮತ್ತೆ ಎಳೆದ. ಉಗುರು ಕಿತ್ತು ಬಂತು. ಕೂಗು ಏರಿತು.

ಬೀದಿಯ ತಿರುವಿನಿಂದ ಇಸ್ತ್ರಿಯ ಹೆಂಗಸು ಎದೆಯೊಡೆಯುವಂತೆ ಅರಚಿದಳು. "ಸ್ವಾಮೀ! ಮಗು! ಹಿಂದೆ, ಮಗು!"

ಗುಬ್ಬಿ ಗೇಟಿನಿಂದಲೇ ಕರೆದಿದ್ದಳು. ಮೂರು ಸಲ ಕರೆದಿದ್ದಳು. ಅಪ್ಪ ಆಟವಾಡುತ್ತಿದ್ದಾನೆ ಎಂದುಕೊಂಡು, ಅವನ ಪಕ್ಕದಿಂದ ಒಳಗೆ ನೆಗೆಯಲು ಓಡಿಬಂದಿದ್ದಳು.

ಅವನ ಕಣ್ಣಂಚಿಗೆ ಒಂದು ಪುಟ್ಟ ಷೂ ಕಂಡಿತು. ಮೇಲೆದ್ದಿತ್ತು. ಹೊಸ್ತಿಲ ಮೇಲಿತ್ತು. ಆಚೆ ಇಳಿಯುತ್ತಿತ್ತು.

ಹಿಡಿದ. ಕಾಲು ಹಿಡಿದು ಎಳೆದ.

ಮಗು ಮುಗ್ಗರಿಸಿ ಮೆಟ್ಟಿಲಿಗೆ ಬಿತ್ತು. ಗಲ್ಲ ಒಡೆಯಿತು. ರಕ್ತ. ಬಾಯಿ ಅಗಲವಾಗಿ ತೆರೆದುಕೊಂಡಿತು. ಕಣ್ಣಿಂದ ನೀರು ಹರಿಯಿತು. ಸದ್ದಿಲ್ಲ. ಅವನ ಮಗಳು ಅವನ ಮುಂದೆ ಬಿದ್ದು ಅಳುತ್ತಿದ್ದಾಳೆ, ಅವನಿಗೆ ಕೇಳುತ್ತಿರುವುದು ಮಣ್ಣೊಳಗಿನ ಮಗುವಿನ ಅಳು. ಹೆಂಡತಿ ಪೆಟ್ಟಿಗೆ ಬಿಸುಟು ಓಡಿಬಂದಳು. ಅವಳ ಬಾಯಿಯೂ ಆಡುತ್ತಿತ್ತು.

"ಒಳಗೆ ಹೋಗಬೇಡಿ! ಇಬ್ಬರೂ ಹೋಗಬೇಡಿ!"

ಎರಡೂ ಕೈಯಿಂದ ಎಳೆದ. ಕಿತ್ತು ಬಂತು. ಮುಷ್ಟಿ ಗಾತ್ರದ ಬೂದಿಯ ಉಂಡೆ, ಹಸಿರುಗಟ್ಟಿದ ತಗಡು, ಸುತ್ತಲೂ ಎಳೆಗೂದಲು. ಎದೆಗೊತ್ತಿಕೊಂಡು ಓಡಿದ. ಅಂಗಿ ಸುಟ್ಟಿತು. ಚರ್ಮ ಸುಟ್ಟಿತು. ಬೀದಿಯ ತುದಿ. ಮರಳು. ನೀರು. ಸೊಂಟದವರೆಗೆ ಇಳಿದ. ಎಸೆಯಲು ಕೈಯೆತ್ತಿದವನಿಗೆ ಒಂದು ಕ್ಷಣ ಆ ಮಗುವಿನ ಮೇಲೆ ಕರುಳು ಚುರ್ರೆಂದಿತು. "ಹೋಗು ಕಂದಾ," ಎಂದ. ಬಿಟ್ಟ.

ಕೂಗು ನಿಂತಿತು.

ಅಲೆ ಕೇಳಿತು. ಹಕ್ಕಿ ಕೇಳಿತು. ದೂರದ ಹಡಗಿನ ಸಿಳ್ಳೆಯೂ ಕೇಳಿತು. ಅವನು ತಿರುಗಿದ. ಹೆಂಡತಿ ಮಗಳನ್ನು ಎತ್ತಿಕೊಂಡು ಮರಳಲ್ಲಿ ನಿಂತು ಅವನಿಗೆ ಏನೋ ಹೇಳುತ್ತಿದ್ದಳು. ಗಾಳಿ ಅವಳ ಸೆರಗನ್ನು ಪಟಪಟ ಬಡಿಯುವುದು ಕೇಳಿತು. ಅಷ್ಟೇ.

ಅವರು ಬಂದರಿನ ಪಕ್ಕದಲ್ಲಿ ಮನೆ ಮಾಡಿದರು. ಲಾರಿಯ ಅಬ್ಬರದಲ್ಲಿ ತಾಯಿ ಮಗಳು ಕಿರುಚಿಕೊಂಡೇ ಮಾತಾಡುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ ಎಂಬುದು ಅವರ ಮುಖದಿಂದ ಅವನಿಗೆ ತಿಳಿಯುತ್ತದೆ. ಊಟದ ಹೊತ್ತಿನಲ್ಲಿ ಮೇಲಿನ ಮನೆಯ ಮಗು "ಅಪ್ಪಾ" ಎಂದರೆ ಅವನು ತಟ್ಟನೆ ತಿರುಗುತ್ತಾನೆ. ತಿರುಗಿ, ಮತ್ತೆ ತಟ್ಟೆಯ ಕಡೆ ನೋಡುತ್ತಾನೆ.

ತಮ್ಮ ದನಿ ಅವನಿಗೆ ಕೇಳುವುದಿಲ್ಲ ಎಂಬುದನ್ನು ಹೆಂಡತಿ ನಂಬಿದಳು. ಗುಬ್ಬಿ ನಂಬಲಿಲ್ಲ. ಗಲ್ಲದ ಹೊಲಿಗೆ ಬಿಚ್ಚಿದ ವಾರ, ರಜೆಯ ದಿನ, ತಾನೇ ಅಪ್ಪನ ಪರೀಕ್ಷೆ ಮಾಡುತ್ತೇನೆಂದು ಆಸ್ಪತ್ರೆಗೆ ಬಂದಳು. ಅವನು ಗಾಜಿನ ಕೋಣೆಯೊಳಗೆ ಕೂತ. ಅವಳು ಹೊರಗೆ ಮೈಕಿನ ಮುಂದೆ ಅವನ ಕುರ್ಚಿಯಲ್ಲಿ ಕೂತಳು. ಒಂದೊಂದೇ ಪದ ಹೇಳುತ್ತಾಳೆ, ಕೇಳಿದಾಗಲೆಲ್ಲ ಅವನು ಕೈಯೆತ್ತಬೇಕು. ಪದ ಹೇಳುವವರ ತುಟಿ ಕಾಣಬಾರದು. ಅದಕ್ಕೆ ಬಾಯಿಗೆ ಹಾಳೆ ಅಡ್ಡ ಹಿಡಿಯುವುದು ಕ್ರಮ. ಅವಳು ಹಾಳೆ ಹಿಡಿದಳು. ಕಣ್ಣು ಮಾತ್ರ ಕಾಣುತ್ತಿತ್ತು.

ಅವನು ಕಾದ. ಆ ಕಣ್ಣುಗಳಲ್ಲಿನ ಆಸೆಯನ್ನು ನೋಡಲಾರದೆ, ಒಂದು ಅಂದಾಜಿನ ಮೇಲೆ, ನಕ್ಕು ಕೈಯೆತ್ತಿದ.

ಗುಬ್ಬಿ ನಿಧಾನವಾಗಿ ಹಾಳೆ ಇಳಿಸಿದಳು. ಅವಳ ಹಲ್ಲಿನ ನಡುವೆ ಪೆನ್ನಿನ ಮುಚ್ಚಳವಿತ್ತು. ಅವಳಿನ್ನೂ ಒಂದು ಪದವನ್ನೂ ಹೇಳಿರಲಿಲ್ಲ.

ಅಪ್ಪನ ಎತ್ತಿದ ಕೈಯನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಚ್ಚಳ ತೆಗೆದಿಟ್ಟು, ಫಾರಂ ಎಳೆದುಕೊಂಡು, ಮೊದಲ ಸಾಲಿನಲ್ಲಿ 'ಸರಿ' ಎಂದು ಗುರುತು ಹಾಕಿದಳು.